ಕುಂಬ್ಳೆಯವರ 110, ತಳಂಗರೆಯ ಅಜರುದ್ದೀನ್‌ನ 177

ಕಾಸರಗೋಡಿನ ನಮ್ಮ ಕುಂಬಳೆ ಪೇಟೆಯಲ್ಲಿ ಯಾರನ್ನು ಬೇಕಾದರೂ ಕೇಳಿ. ಅನಿಲ್ ಕುಂಬ್ಳೆ ಅಂದ ಕೂಡಲೇ 619 ವಿಕೆಟ್ ಅನ್ನುತ್ತಾರೆ. ದೆಹಲಿಯಲ್ಲಿ ಪಾಕಿಸ್ತಾನದ ಹತ್ತಕ್ಕೆ ಹತ್ತು ವಿಕೆಟ್ ಅನ್ನುತ್ತಾರೆ. ಅವರು ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ, ಆದರೂ ಹೆಸರಿನ ಜೊತೆ ನಮ್ಮ ಊರನ್ನು ಲೋಕಕ್ಕೆಲ್ಲ ಕೊಂಡುಹೋದವರು ಅಂತ ನಮಗೆ ಹೆಮ್ಮೆ. ಇರಲೇಬೇಕು. ಆದರೆ ಅವರ ಬ್ಯಾಟಿಂಗ್ ಬಗ್ಗೆ ಇಲ್ಲಿ ಒಬ್ಬರೂ ಮಾತಾಡಿದ್ದು ನಾನು ಕೇಳಿಲ್ಲ. ಇವತ್ತು ಅದನ್ನೇ ಬರೆಯುತ್ತೇನೆ, ವಯಸ್ಸಾದಷ್ಟೂ ಬ್ಯಾಟಿಂಗ್ ಪಕ್ವವಾಗುತ್ತದೆ ಅಂತ ಹೇಳುವುದಕ್ಕೆ.

2007ರ ಆಗಸ್ಟ್. ಇಂಗ್ಲೆಂಡಿನ ಓವಲ್ ಮೈದಾನ. ನಾಟಿಂಗ್‌ಹ್ಯಾಂನಲ್ಲಿ ಗೆದ್ದು ಭಾರತ 1-0 ಮುಂದಿತ್ತು. ಇದು ಕೊನೆಯ ಟೆಸ್ಟ್. ಸೋಲದಿದ್ದರೆ ಸಾಕು, 1986ರ ನಂತರ ಮೊದಲ ಸಲ ಇಂಗ್ಲೆಂಡಿನಲ್ಲಿ ಸರಣಿ ನಮ್ಮದು. ದ್ರಾವಿಡ್, ಸಚಿನ್, ಲಕ್ಷ್ಮಣ್ ಮೂವರೂ ಐವತ್ತು ದಾಟಿ ಔಟಾದರು. ದಿನೇಶ್ ಕಾರ್ತಿಕ್ 91, ಧೋನಿ 92. ಯಾರಿಗೂ ನೂರು ಸಿಗಲಿಲ್ಲ. ಎಂಟನೆಯವರಾಗಿ ಬಂದ ಕುಂಬ್ಳೆ ಮಾತ್ರ ನಿಂತೇ ಇದ್ದರು. 193 ಎಸೆತ, 110 ರನ್, ನಾಟ್‌ಔಟ್. ಆಗ ವಯಸ್ಸು 36. ಅದು ಅವರ 118ನೇ ಟೆಸ್ಟ್. ಟೆಸ್ಟಿನ ಮೊದಲ ಶತಕಕ್ಕೆ ಅಷ್ಟು ಪಂದ್ಯ ಕಾದವರು ಅದುವರೆಗೆ ಯಾರೂ ಇರಲಿಲ್ಲ. ಅದೇ ವರ್ಷ ಶ್ರೀಲಂಕಾದ ಚಮಿಂದ ವಾಸ್ ತಮ್ಮ 96ನೇ ಟೆಸ್ಟಿನಲ್ಲಿ ನೂರು ಹೊಡೆದು ಮಾಡಿದ್ದ ದಾಖಲೆಯನ್ನು ಇವರು ಮುರಿದರು. ಆ ಸರಣಿಯಲ್ಲಿ ಭಾರತದ ಕಡೆಯಿಂದ ಬಂದ ಶತಕ ಇದೊಂದೇ. ಸಚಿನ್, ದ್ರಾವಿಡ್, ಗಂಗೂಲಿ, ಲಕ್ಷ್ಮಣ್ ಎಲ್ಲ ಇದ್ದ ತಂಡ ಸ್ವಾಮಿ ಅದು!

ನೂರು ಬಂದ ಹೊಡೆತ ಚೆಂದದ್ದೇನಲ್ಲ. ಪೀಟರ್ಸನ್ ಬೌಲಿಂಗ್‌ಗೆ ಕ್ರೀಸ್ ಬಿಟ್ಟು ಮುಂದೆ ಬಂದರು. ಚೆಂಡು ಬ್ಯಾಟಿನ ಒಳ ಅಂಚಿಗೆ ತಾಗಿ, ಕೀಪರ್ ಪ್ರಯರ್‌ಗೂ ಸಿಗದೆ ಬೌಂಡರಿಗೆ ಓಡಿತು. ಇನ್ನೊಂದು ತುದಿಯಲ್ಲಿ ಇದ್ದದ್ದು ಕೊನೆಯ ಆಟಗಾರ, ಕೇರಳದ ಶ್ರೀಶಾಂತ್. ಕೇರಳ-ಕರ್ನಾಟಕದ ಗಡಿಯಲ್ಲಿ ಕೂತು ನೋಡುವ ನಮಗೆ ಇದಕ್ಕಿಂತ ಇನ್ನೇನು ಬೇಕು? ಒಂದು ಕಡೆ ಕುಂಬಳೆ ಹೆಸರಿನವರು, ಇನ್ನೊಂದು ಕಡೆ ಮಲಯಾಳಿ ಹುಡುಗ. ಇಬ್ಬರೂ ಸೇರಿ ಕೊನೆಯ ವಿಕೆಟ್‌ಗೆ 73 ರನ್ ಸೇರಿಸಿದರು. ಸ್ಕೋರು 664ಕ್ಕೆ ಹೋಯಿತು. ಅಲ್ಲಿಗೆ ಸೋಲುವ ಮಾತು ಮುಗಿಯಿತು.

ಆ ಒಳ ಅಂಚನ್ನು ನೋಡಿ ಅದೃಷ್ಟ ಅನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಆ ಒಂದು ಚೆಂಡು ಅದೃಷ್ಟ ಇರಬಹುದು, ಉಳಿದ 192? ಕುಂಬ್ಳೆಗೆ ಬ್ಯಾಟ್ ಹಿಡಿಯಲು ಮೊದಲಿಂದ ಬರುತ್ತಿತ್ತು. ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಒಟ್ಟು 7 ಶತಕ ಇವೆ ಅವರದ್ದು. 1996ರಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ದಕ್ಷಿಣ ಆಫ್ರಿಕಾ ಎದುರು 88 ಹೊಡೆದಿದ್ದರು. ಅದೇ ವರ್ಷ ಬೆಂಗಳೂರಿನಲ್ಲಿ ಆಸ್ಟ್ರೇಲಿಯಾ ಎದುರಿನ ಏಕದಿನ ಪಂದ್ಯದಲ್ಲಿ 164ಕ್ಕೆ 8 ವಿಕೆಟ್ ಬಿದ್ದಿದ್ದಾಗ ಶ್ರೀನಾಥ್ ಜೊತೆ ನಿಂತು ಪಂದ್ಯ ಗೆಲ್ಲಿಸಿಕೊಟ್ಟಿದ್ದರು. ಆಮೇಲೆ ಟೆಸ್ಟಿನಲ್ಲಿ 88ರಿಂದ 110ಕ್ಕೆ ಬರಲು ಸುಮಾರು 11 ವರ್ಷ ಹಿಡಿಯಿತು. ಟೆಸ್ಟ್ ಸರಾಸರಿ 17.77 ಅಂತ ಪುಸ್ತಕದಲ್ಲಿದೆ, ನಿಜ. ಆದರೆ ಓವಲ್ ಆಗಿ ಐದು ತಿಂಗಳಿಗೆ, 2008ರ ಜನವರಿಯಲ್ಲಿ, ಕ್ಯಾಪ್ಟನ್ ಆಗಿ ಅಡಿಲೇಡ್‌ನಲ್ಲಿ 87 ಹೊಡೆದರು. ಹದಿನೇಳು ವರ್ಷ ಆಡಿ ಆದ ಮೇಲೆ, ಆಸ್ಟ್ರೇಲಿಯಾದಲ್ಲಿ. ಅದೃಷ್ಟ ಎರಡು ಸಲ ಬರುವುದಿಲ್ಲ ಅಲ್ವಾ?

ಇನ್ನೊಂದು ಹೇಳಲೇಬೇಕು. ವೆಸ್ಟ್ ಇಂಡೀಸ್‌ನ ಆಂಟಿಗುವಾದಲ್ಲಿ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು ಬೌಲಿಂಗ್ ಮಾಡಿ ಲಾರಾ ವಿಕೆಟ್ ತೆಗೆದ ಚಿತ್ರ ಎಲ್ಲರ ಕಣ್ಣಲ್ಲೂ ಇದೆ. ಆ ದವಡೆ ಮುರಿದದ್ದು ಹೇಗೆ? ಬ್ಯಾಟಿಂಗ್ ಮಾಡುವಾಗ. ಮೆರ್ವಿನ್ ಡಿಲ್ಲನ್ ಹಾಕಿದ ಚೆಂಡು ಮುಖಕ್ಕೆ ಬಡಿಯಿತು. ಬಡಿದ ಮೇಲೂ ಅವರು ಬ್ಯಾಟಿಂಗ್ ಮುಂದುವರಿಸಿದರು. ನಾವು ಬೌಲಿಂಗ್ ನೆನಪಿಟ್ಟುಕೊಂಡೆವು, ಬ್ಯಾಟಿಂಗ್ ಬಿಟ್ಟುಬಿಟ್ಟೆವು.

ಈಗ ತಳಂಗರೆಗೆ ಬರೋಣ. ಈಡನ್ ಗಾರ್ಡನ್ಸ್‌ನ ಆ 88ರ ದಿನ ಕುಂಬ್ಳೆ ಜೊತೆ ಆಡಿ ಶತಕ ಹೊಡೆದವರು ಮೊಹಮ್ಮದ್ ಅಜರುದ್ದೀನ್. ಅವರ ಹೆಸರನ್ನೇ ಅಣ್ಣ ತನ್ನ ತಮ್ಮನಿಗೆ ಇಟ್ಟಿದ್ದ ಒಂದು ಮನೆ ನಮ್ಮ ಕಾಸರಗೋಡಿನ ತಳಂಗರೆಯಲ್ಲಿತ್ತು. ಆ 88ರ ದಿನ ಆ ಮಗುವಿಗೆ ಎರಡು ವರ್ಷ. ಅದೇ ಮಗು 2021ರ ಜನವರಿಯಲ್ಲಿ ಕೇರಳದ ಪರವಾಗಿ ವಾಂಖೆಡೆಯ ಟಿ20 ಪಂದ್ಯದಲ್ಲಿ ಮುಂಬೈಯನ್ನು ಚಚ್ಚಿ ಹಾಕಿತು. 37 ಎಸೆತಕ್ಕೆ ನೂರು, 54 ಎಸೆತಕ್ಕೆ 137 ನಾಟ್‌ಔಟ್. ಊರಿಡೀ ಆ ವಿಡಿಯೋ ಓಡಾಡಿತು. ಆರ್‌ಸಿಬಿ 20 ಲಕ್ಷಕ್ಕೆ ಕೊಂಡಿತು, ಆಡಿಸಲಿಲ್ಲ. ಅಲ್ಲಿಗೆ ಮುಗಿಯಿತು ಅಂತ ಜನ ಮಾತಾಡಿದರು.

ನನಗೆ ಆ 137ಕ್ಕಿಂತ ದೊಡ್ಡದಾಗಿ ಕಾಣುವುದು 2025ರ ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ಗುಜರಾತ್ ಎದುರು ರಣಜಿ ಸೆಮಿಫೈನಲ್‌ನಲ್ಲಿ ಬಂದ 177. ಒಂದು ತಿಂಗಳು ಕಳೆದರೆ 31 ತುಂಬುತ್ತಿತ್ತು. 341 ಎಸೆತ ಆಡಿದರು. ಸಿಕ್ಸರ್ ಒಂದೇ ಒಂದು! ವಾಂಖೆಡೆಯಲ್ಲಿ 11 ಸಿಕ್ಸರ್ ಹೊಡೆದಿದ್ದ ಅದೇ ಕೈ. ಔಟಾಗಲೇ ಇಲ್ಲ. ಮೊದಲ ಇನ್ನಿಂಗ್ಸ್‌ನಲ್ಲಿ ಕೇರಳ 457, ಗುಜರಾತ್ 455. ಕೊನೆಯ ದಿನ ಬ್ಯಾಟರ್‌ಗೆ ಹತ್ತಿರ, ಶಾರ್ಟ್ ಲೆಗ್‌ನಲ್ಲಿ ನಿಂತಿದ್ದ ಕೇರಳದ ಸಲ್ಮಾನ್ ನಿಸಾರ್ ಹೆಲ್ಮೆಟ್‌ಗೆ ಬಡಿದು ಹಾರಿದ ಚೆಂಡನ್ನು ಕ್ಯಾಪ್ಟನ್ ಸಚಿನ್ ಬೇಬಿ ಹಿಡಿದು ಗುಜರಾತಿನ ಕೊನೆಯ ವಿಕೆಟ್ ಬಿದ್ದದ್ದನ್ನು ಎಲ್ಲರೂ ನೋಡಿದ್ದೀರಿ. ಪಂದ್ಯ ಡ್ರಾ ಆದರೂ ಆ ಎರಡು ರನ್ ಲೀಡ್‌ನಿಂದಲೇ ಕೇರಳ ಮೊದಲ ಸಲ ರಣಜಿ ಫೈನಲ್‌ಗೆ. ಎಲ್ಲರೂ ಹೆಲ್ಮೆಟ್ ಬಗ್ಗೆ ಮಾತಾಡಿದರು. ಅಜರುದ್ದೀನ್ 170 ಆದಾಗ ಒಂದು ಹೊಡೆತಕ್ಕೆ ಆಸೆಪಟ್ಟು ಔಟಾಗಿದ್ದರೆ ಆ ಎರಡು ರನ್ ಎಲ್ಲಿಂದ ಬರುತ್ತಿತ್ತು? ಮುಂದಿನ ಸೀಸನ್‌ಗೆ ಅವರೇ ಕೇರಳದ ರಣಜಿ ಕ್ಯಾಪ್ಟನ್ ಆದರು. ಆಗಲೇಬೇಕಿತ್ತು.

ಆ ಫೈನಲ್‌ನಲ್ಲಿ ವಿದರ್ಭದ ಪರ 86 ಮತ್ತು 135 ಹೊಡೆದವರು ಯಾರು? ಕರ್ನಾಟಕ ಕೈಬಿಟ್ಟ ಕರುಣ್ ನಾಯರ್, ವಯಸ್ಸು 33. ನಮ್ಮಂಥ ಗಡಿನಾಡ ಕನ್ನಡಿಗರಿಗೆ ಆ ಐದು ದಿನ ಯಾರ ಕಡೆ ಇರಬೇಕು ಅಂತಲೇ ಗೊತ್ತಾಗಲಿಲ್ಲ.

ಇದನ್ನೆಲ್ಲ ಬರೆಯಲು ಕಾರಣ ನಮ್ಮ ಊರಿನ ತಂಡಗಳು. ನಮ್ಮಲ್ಲಿ ಮೂವತ್ತು ದಾಟಿದವನನ್ನು ತಂಡದಲ್ಲಿ ಇಟ್ಟುಕೊಳ್ಳುವುದೇ ಉಪಕಾರ ಅನ್ನುವ ಹಾಗೆ ನಡೆದುಕೊಳ್ಳುತ್ತಾರೆ. ನನಗೆ ಗೊತ್ತಿರುವ ಒಬ್ಬರು ಅಣ್ಣ ಇದ್ದಾರೆ, ತೋಟದ ಕೆಲಸ, ನಲ್ವತ್ತರ ಹತ್ತಿರ. ಮೊದಲೆಲ್ಲ ಯಾವ ಚೆಂಡು ಬಂದರೂ ಕಾಲು ಎತ್ತಿ ಮಿಡ್‌ವಿಕೆಟ್ ಕಡೆಗೆ ಎಳೆಯುತ್ತಿದ್ದರು, ಬೇಗ ಔಟಾಗುತ್ತಿದ್ದರು. ಈಗ ನೋಡಬೇಕು ಅವರನ್ನು. ಚೆಂಡು ಕಣ್ಣ ಕೆಳಗೆ ಬರುವ ತನಕ ಕಾಯುತ್ತಾರೆ. ತಲೆ ಅಲುಗುವುದಿಲ್ಲ. ಹೊರಗಿನ ಚೆಂಡನ್ನು ಬಿಡುತ್ತಾರೆ, ಟೆನಿಸ್ ಬಾಲ್ ಮ್ಯಾಚಿನಲ್ಲೂ! ಸುಮ್ನೆ ತಟ್ಟಿ ಒಂದು ರನ್ ಓಡುತ್ತಾರೆ. ಆದರೂ ಅವರು ಪ್ಯಾಡ್ ಕಟ್ಟುವುದು ಒಂಬತ್ತನೆಯವರಾಗಿ. "ಅಣ್ಣಾ, ನೀವು ಬೌಲಿಂಗ್ ನೋಡಿಕೊಳ್ಳಿ, ಬ್ಯಾಟಿಂಗ್ ಹುಡುಗರು ಮಾಡ್ತಾರೆ" ಅನ್ನುತ್ತಾನೆ ಕ್ಯಾಪ್ಟನ್. ಹುಡುಗರು ಮೂರು ಓವರ್‌ನಲ್ಲಿ ಐದು ವಿಕೆಟ್ ಕಳೆದುಕೊಂಡು ಬರುತ್ತಾರೆ.

ಇದೇ ಊರಿನವರು ತಾಳಮದ್ದಳೆಗೆ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನಕ್ಕೆ, ಹೋದರೆ ಅರುವತ್ತು ದಾಟಿದ ಅರ್ಥಧಾರಿಯ ಮಾತು ಕೇಳಲು ಬೆಳಗಿನ ತನಕ ಕೂರುತ್ತಾರೆ. ವಯಸ್ಸಾದಷ್ಟೂ ಅರ್ಥ ಪಕ್ವವಾಗುತ್ತದೆ ಅನ್ನುತ್ತಾರೆ. ಕ್ರೀಸಿನಲ್ಲಿ ಮಾತ್ರ ಯಾಕೆ ಹಾಗಾಗಬಾರದು? ಓಡುವ ವೇಗ ಕಡಿಮೆಯಾಗಬಹುದು, ಒಪ್ಪುತ್ತೇನೆ. ಆದರೆ ಯಾವ ಚೆಂಡು ಬಿಡಬೇಕು ಅನ್ನುವುದು ಜಾಸ್ತಿ ಆಡಿದವನಿಗೇ ಚೆನ್ನಾಗಿ ಗೊತ್ತಿರುತ್ತದೆ.

ಮಳೆ ಬಿಟ್ಟ ಮೇಲೆ ಕುಂಬಳೆ, ಬದಿಯಡ್ಕ, ಉಪ್ಪಳದ ಕಡೆ ಟೂರ್ನಮೆಂಟ್ ಶುರುವಾಗುತ್ತವೆ. ಕ್ಲಬ್‌ನವರಲ್ಲಿ ನನ್ನದೊಂದು ಕೋರಿಕೆ. ಪ್ರಾಕ್ಟೀಸ್‌ನಲ್ಲಿ ಹಿರಿಯ ಬೌಲರ್‌ಗಳಿಗೆ ಕೊನೆಗೆ ಉಳಿದ ನಾಲ್ಕು ಚೆಂಡು ಹಾಕಿ ಕಳುಹಿಸಬೇಡಿ, ಬ್ಯಾಟಿಂಗ್‌ಗೆ ಹುಡುಗರಿಗೆ ಕೊಡುವಷ್ಟೇ ಹೊತ್ತು ಕೊಡಿ. ಒಂದೆರಡು ಮ್ಯಾಚಿನಲ್ಲಿ ಅವರನ್ನು ನಾಲ್ಕನೆಯವರಾಗಿ ಇಳಿಸಿ ನೋಡಿ. ಮೊದಲ ಮ್ಯಾಚಿನಲ್ಲಿ ಸೊನ್ನೆಗೆ ಔಟಾದರೂ ಎರಡನೆಯದರಲ್ಲಿ ಅದೇ ಜಾಗದಲ್ಲಿ ಇಳಿಸಿ.