ಇಪ್ಪತ್ತು ಹೆಸರು ಬರ್ಕೊಡಿ

ಈಗಷ್ಟೇ ಒಂದು ಸಾವಿನ ಮನೆಯಿಂದ ಬಂದೆ. ಬಟ್ಟೇನೂ ಬದಲಾಯಿಸದೆ ಕೂತು ಟೈಪ್ ಮಾಡ್ತಿದೀನಿ, ಕಾಗುಣಿತ ತಪ್ಪು ಹುಡುಕೋರು ಇವತ್ತೊಂದಿನ ರಜೆ ತಗೊಳಿ.

ಅಪ್ಪನ ಕಡೆಯ ಸಂಬಂಧ, ತುಂಬಿದ ವಯಸ್ಸು. ಜನವೋ ಜನ. ಒಳಗೆ ಕಾಲಿಡೋಕೆ ಜಾಗ ಇಲ್ಲ, ಹೊರಗೆ ಚಪ್ಪಲಿ ರಾಶಿ, ಯಾರೋ ಅಳ್ತಿದಾರೆ, ಯಾರೋ ಫೋನಲ್ಲಿ ಪಾರ್ಕಿಂಗ್ ಎಲ್ಲಿ ಅಂತ ಹೇಳ್ತಿದಾರೆ, ಯಾರೋ ಸತ್ತವರ ಹಳೇ ಜೋಕು ನೆನೆಸ್ಕೊಂಡು ನಗ್ತಾನೂ ಇದಾರೆ. ನನ್ನ ಪಕ್ಕ ನಿಂತಿದ್ದ ಒಬ್ರು, ಗೊತ್ತಿರೋರೇ, ವಾಚ್ ನೋಡ್ಕೊಂಡು ಏನಂದ್ರು ಗೊತ್ತಾ? "ಏನೇ ಹೇಳಿ ಮೇಡಂ, ಕೊರೊನಾ ಟೈಮಲ್ಲಿ ಇದೊಂದು ಚೆನ್ನಾಗಿತ್ತು. ಇಪ್ಪತ್ತೇ ಜನ, ಒಂದು ಗಂಟೇಲಿ ಎಲ್ಲಾ ಮುಗೀತಿತ್ತು, ನೀಟಾಗಿ."

ನೀಟಾಗಿ!

ಸಾವಿನ ಮನೇಲಿ ಜಗಳ ಆಡ್ಬಾರ್ದು ಅಂತ ಸುಮ್ನಿದ್ದೆ. ಇಲ್ಲಿ ಸುಮ್ನಿರಲ್ಲ.

ನನ್ನಪ್ಪ ಹೋಗಿದ್ದೂ ಅದೇ ಕೊರೊನಾ ಟೈಮಲ್ಲಿ, ಆಗ ನಾನಿಲ್ಲಿ ಹಾಕಿದ ಪೋಸ್ಟ್‌ಗೆ ನೀವೇ ಸಾಲಾಗಿ ಬಂದು ಕೈಮುಗಿದಿದ್ರಿ. ಅಪ್ಪ ಹೋಗಿದ್ದು ಕೊರೊನಾದಿಂದ ಅಲ್ಲ, ಹಾರ್ಟು. ಆದ್ರೆ ರೂಲ್ಸ್ ಎಲ್ಲಾ ಸಾವಿಗೂ ಒಂದೇ, ಇಪ್ಪತ್ತೇ ಜನ. ಫೋನ್ ಮಾಡಿ ವಿಚಾರಿಸಿದಾಗ ಆ ಕಡೆಯಿಂದ ಬಂದ ಮಾತು ಇದು, ಒಂದಕ್ಷರ ಹೆಚ್ಚಿಲ್ಲ ಕಮ್ಮಿ ಇಲ್ಲ: "ಇಪ್ಪತ್ತು ಹೆಸರು ಬರ್ಕೊಡಿ."

ಇಪ್ಪತ್ತು ಅನ್ನೋದು ಅವರದ್ದು, ಹೆಸರು ನಮ್ಮದು. ನನ್ನ ಸಿಟ್ಟೆಲ್ಲ ಇಷ್ಟೇ, ಮುಂದೆ ಎಷ್ಟು ಉದ್ದ ಬರೆದ್ರೂ ಇದನ್ನೇ ಬರೀತೀನಿ.

ಅಪ್ಪನ ಮಾತ್ರೆ ಟೈಮ್ ಗುರುತು ಹಾಕಿದ್ದ ಹಾಳೆ ಇತ್ತಲ್ಲ, ಅದರ ಹಿಂದೆ ಬರೆಯೋಕೆ ಕೂತೆ. ಒಂದು, ಅಮ್ಮ. ಎರಡು, ನಾನು. ಮೂರು, ಇವರು. ನಾಲ್ಕು, ಮಗ, ಆಗ ಅವನಿಗೆ ಒಂಬತ್ತು ವರ್ಷ. ಅಲ್ಲಿಗೇ ಪೆನ್ನು ನಿಂತ್ಹೋಯ್ತು. ಒಂಬತ್ತು ವರ್ಷದ ಹುಡುಗನಿಗೆ ಒಂದು ಜಾಗ ಕೊಟ್ರೆ ಅಪ್ಪನ ಜೊತೆ ನಲವತ್ತು ವರ್ಷ ಬೆಳಿಗ್ಗೆ ವಾಕಿಂಗ್ ಹೋದ ಫ್ರೆಂಡಿಗೆ ಜಾಗ ಇಲ್ಲ. ಮಗನ ಹೆಸರು ಹೊಡೆದುಹಾಕಿದೆ. ಆಮೇಲೆ ಮತ್ತೆ ಬರೆದೆ. ಗಾಡಿ ಡ್ರೈವರ್ ಈ ಇಪ್ಪತ್ತರಲ್ಲಿ ಸೇರ್ತಾರಾ? ಅಲ್ಲಿ ಕೆಲಸ ಮಾಡೋರು? ಒಂದು ನಂಬರಿಗೆ ಫೋನ್ ಮಾಡಿದ್ರೆ ಸೇರಿಸಿಯೇ ಅಂದ್ರು, ಇನ್ನೊಂದಕ್ಕೆ ಮಾಡಿದ್ರೆ ಇಲ್ಲಮ್ಮ ಅವರು ಲೆಕ್ಕಕ್ಕಿಲ್ಲ ಅಂದ್ರು. ಅಪ್ಪ ಸತ್ತು ನಾಲ್ಕು ಗಂಟೆ ಆಗಿತ್ತು, ನಾನು ಡ್ರೈವರ್ ಲೆಕ್ಕ ಹಾಕ್ತಾ ಕೂತಿದ್ದೆ. ಅಳೋಕೂ ಟೈಮಿಲ್ಲ.

ಯಾರನ್ನ ಕರೀಬೇಕು ಅಂತ ಬರೆಯೋದು ಸುಲಭ ಕಣ್ರೀ. ಲಿಸ್ಟ್ ಅಂದ್ರೆ ಅದಲ್ಲ. ಬಿಟ್ಟೋರಿಗೆ ಫೋನ್ ಮಾಡಿ ಹೇಳ್ಬೇಕಲ್ಲ, ಅದು ಲಿಸ್ಟ್. "ಅಣ್ಣಾ, ಬೇಜಾರ್ ಮಾಡ್ಕೋಬೇಡಿ, ರೂಲ್ಸು..." ಅಂತ ಎಷ್ಟು ಸಲ ಅಂದ್ನೋ. ಅವರೆಲ್ಲ ಅಯ್ಯೋ ಪರ್ವಾಗಿಲ್ಲಮ್ಮ ಅಂದ್ರು. ಎಲ್ಲಿಂದ ಪರ್ವಾಗಿಲ್ಲ? ಅದರಲ್ಲಿ ಇಬ್ಬರು ಇವತ್ತಿಗೂ ನನ್ನ ಹತ್ರ ಸರಿಯಾಗಿ ಮಾತಾಡಲ್ಲ. ರೂಲ್ಸ್ ಮಾಡಿದೋರ ಮೇಲೆ ಸಿಟ್ಟಿಲ್ಲ ಅವರಿಗೆ, ಅವರ ಮುಖ ಯಾರಿಗೆ ಕಂಡಿದೆ? ಸಿಟ್ಟು ಬರೆದ ಕೈ ಮೇಲೆ.

ಸ್ವಂತ ಅಣ್ಣ ಲಿಸ್ಟಲ್ಲೇ ಇಲ್ಲ, ಬೇರೆ ದೇಶದಲ್ಲಿದ್ದ, ವಿಮಾನ ಬಂದ್. ವಿಡಿಯೋ ಕಾಲಲ್ಲಿ ಬಂದ. ನಾನು ಫೋನ್ ಹಿಡ್ಕೊಂಡು ನಿಂತಿದೀನಿ, ನೆಟ್‌ವರ್ಕ್ ಕೈಕೊಟ್ಟು ಅಪ್ಪನ ಮುಖ ಚೌಕ ಚೌಕ ಆಗ್ತಿದೆ, ಅಣ್ಣ ಕೇಳ್ತಿದಾನೆ, "ಇನ್ನೊಂದ್ಸಲ ತೋರ್ಸೇ, ಸ್ಟಕ್ ಆಯ್ತು." ಅದೇ ಕಾಲಲ್ಲಿ ಇನ್ಯಾರದೋ ಮನೆ ಟಿವಿ ಕಿರಿಚ್ಕೊಳ್ತಿದೆ. ಮ್ಯೂಟ್ ಮಾಡ್ಕೊಳಿ ಅಂತ ಬೇಡ್ಕೊಂಡೆ. ಅಪ್ಪನ ಮುಂದೆ ನಾನಾಡಿದ ಕೊನೇ ಮಾತು ಅದೇ. ಮ್ಯೂಟ್ ಮಾಡ್ಕೊಳಿ.

ಈಗ ಕಾಮೆಂಟಲ್ಲಿ ಬರ್ತೀರ, ಗೊತ್ತು. ಜೀವ ಉಳಿಸೋಕೆ ತಾನೇ ಮಾಡಿದ್ದು, ಸಾವಿನ ಮನೆಯಿಂದಲೇ ರೋಗ ಹರಡಿದ್ದಿಲ್ವಾ ಅಂತ. ಹರಡಿದೆ ರೀ. ಪಶ್ಚಿಮ ಆಫ್ರಿಕಾದಲ್ಲಿ 2014ರಲ್ಲಿ ಎಬೋಲಾ ಬಂದಾಗ ಹೊಸ ಸೋಂಕಲ್ಲಿ ಕಮ್ಮಿ ಅಂದ್ರೂ 20 ಪರ್ಸೆಂಟ್ ಶವಸಂಸ್ಕಾರದಲ್ಲೇ ಆಗ್ತಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಅಂದಿತ್ತು. ಆದ್ರೆ ಆ ಕತೆ ಅರ್ಧಕ್ಕೆ ನಿಲ್ಲಿಸ್ಬೇಡಿ. ಕವಚ ಹಾಕ್ಕೊಂಡೋರು ಬಂದು ಹೆಣ ಎತ್ಕೊಂಡು ಹೋಗೋಕೆ ಶುರು ಮಾಡಿದಾಗ ಜನ ಹೆಣನೇ ಬಚ್ಚಿಡೋಕೆ ಶುರು ಮಾಡಿದ್ರು, ರಾತ್ರೋರಾತ್ರಿ ಹೂಳೋಕೆ ಶುರು ಮಾಡಿದ್ರು. ಆಗ ಅದೇ ಸಂಸ್ಥೆ ಆ ವರ್ಷ ನವೆಂಬರಲ್ಲಿ ನಿಯಮ ಬದಲಾಯಿಸ್ತು. ಸುರಕ್ಷಿತವಾಗಿ ಅಂತಷ್ಟೇ ಇದ್ದಲ್ಲಿ ಮರ್ಯಾದೆಯಿಂದ ಅಂತಾನೂ ಸೇರ್ತು, ಮನೆಯವರನ್ನ, ಧರ್ಮಗುರುಗಳನ್ನ ಕೂರಿಸ್ಕೊಂಡು ಕೇಳಿ ಮಾಡಿ ಅಂದ್ರು. ಈ ಪಾಠ ಆರು ವರ್ಷ ಮೊದಲೇ ಕಲಿತಾಗಿತ್ತು. 2020ರ ಮಾರ್ಚಲ್ಲಿ ಅದೇ ಸಂಸ್ಥೆ, ಕೋವಿಡ್‌ನಿಂದ ಸತ್ತವರ ದೇಹದಿಂದ ಯಾರಿಗಾದ್ರೂ ಸೋಂಕು ಬಂದಿರೋದಕ್ಕೆ ಇಲ್ಲಿತನಕ ಪುರಾವೆ ಇಲ್ಲ, ಮನೆಯವರು ಮುಟ್ಟದೆ ಮುಖ ನೋಡ್ಬಹುದು ಅಂತ್ಲೂ ಬರೆದಿತ್ತು. ಅಂದ್ರೆ ಭಯ ಇದ್ದಿದ್ದು ಹೆಣದ್ದಲ್ಲ, ಅಕ್ಕಪಕ್ಕ ಉಸಿರಾಡೋ ನಮ್ಮದು. ಸರಿ, ಬಯಲಲ್ಲಿ ಐದೈದು ಜನ ಸರದಿ ಮೇಲೆ ಬಂದು ಮುಖ ನೋಡ್ಕೊಂಡು ಹೋಗಿದ್ರೆ ಆಗ್ತಿರ್ಲಿಲ್ವಾ? ಆಗ್ತಿತ್ತು. ಅದಕ್ಕೆ ಯಾರಾದ್ರೂ ಒಬ್ಬರು ಕೂತು ಯೋಚನೆ ಮಾಡ್ಬೇಕಿತ್ತು. ಸಂಖ್ಯೆ ಹೇಳೋಕೆ ಯೋಚನೆ ಬೇಕಾಗಲ್ಲ.

ಸಂಖ್ಯೆಗಳೋ, ಹರಾಜು ಕೂಗ್ದಂಗೆ. 2020ರಲ್ಲೇ ತಗೊಳಿ. ಭಾರತದಲ್ಲಿ ಸಾವಿಗೆ 20, ಮದುವೆಗೆ 50. ಮದುವೆ ಮುಂದಕ್ಕೆ ಹಾಕ್ಬಹುದು ಸ್ವಾಮಿ, ಸತ್ತವರನ್ನ ಇನ್ನೊಂದು ಮುಹೂರ್ತಕ್ಕೆ ಕಾಯಿಸೋಕಾಗತ್ತಾ? ಆಸ್ಟ್ರೇಲಿಯಾದವರು ಪರ್ವಾಗಿಲ್ಲ, ಮಾರ್ಚಲ್ಲಿ ಮದುವೆಗೆ 5, ಸಾವಿಗೆ 10 ಅಂದ್ರು. ಸ್ಪೇನಲ್ಲಿ ಬರೀ 3. ಇಟಲಿ ಅಂತೂ ಮಾರ್ಚಲ್ಲಿ ಶವಸಂಸ್ಕಾರದ ಪ್ರಾರ್ಥನೆ, ಮೆರವಣಿಗೆ ಎಲ್ಲಾ ನಿಲ್ಲಿಸಿ ಮೇ 4ರಿಂದ 15 ಜನಕ್ಕೆ ಅಂತ ಬಿಡ್ತು, ಬೆರ್ಗಾಮೊ ಊರಿಂದ ಶವಪೆಟ್ಟಿಗೆ ತುಂಬ್ಕೊಂಡು ಹೊರಟ ಮಿಲಿಟರಿ ಲಾರಿಗಳ ಫೋಟೋ ನೋಡಿರ್ತೀರಲ್ಲ. ಇಂಗ್ಲೆಂಡಲ್ಲಿ 30. ಅಕ್ಟೋಬರಲ್ಲಿ ಅಲ್ಲಿ ಮಿಲ್ಟನ್ ಕೀನ್ಸ್ ಅನ್ನೋ ಊರಲ್ಲಿ ಒಂದು ಶವಸಂಸ್ಕಾರದಲ್ಲಿ ಒಬ್ಬ ಮಗ ಅಳ್ತಿದ್ದ ಅಮ್ಮನ ಹೆಗಲ ಮೇಲೆ ಕೈ ಹಾಕೋಕೆ ಕುರ್ಚಿ ಎಳ್ಕೊಂಡು ಹತ್ರ ಕೂತ, ಅಷ್ಟಕ್ಕೇ ಸಿಬ್ಬಂದಿ ಬಂದು ಮಧ್ಯದಲ್ಲೇ ಎಲ್ಲಾ ನಿಲ್ಲಿಸಿ ಕುರ್ಚಿ ಹಿಂದಕ್ಕೆ ಹಾಕಿ ಅಂದ. ಆ ವಿಡಿಯೋ ನಾನು ಪೂರ್ತಿ ನೋಡೋಕಾಗ್ಲಿಲ್ಲ.

ಹಾಂ, ಅದೇ ದೇಶದ ರಾಣಿ. 2021ರ ಏಪ್ರಿಲ್ 17, ಗಂಡ ಪ್ರಿನ್ಸ್ ಫಿಲಿಪ್ ಅವರ ಅಂತ್ಯಸಂಸ್ಕಾರ. ಅಷ್ಟು ದೊಡ್ಡ ಚರ್ಚಲ್ಲಿ ಮೂವತ್ತೇ ಜನ, ಮಾಸ್ಕ್ ಹಾಕ್ಕೊಂಡು ಆ ಅಜ್ಜಿ ಒಬ್ಬರೇ ಒಂದು ಮೂಲೇಲಿ. ಮನೆಯವರಿಗೆ ಜಾಗ ಇರ್ಲಿ ಅಂತ ಪ್ರಧಾನಿ ಬರದೇ ಉಳಿದ್ರು, ಒಳ್ಳೇದೇ. ಆದ್ರೆ ಹಿಂದಿನ ರಾತ್ರಿ ಆ ಪ್ರಧಾನಿ ಕಚೇರಿಯ ಸಿಬ್ಬಂದಿ ಪಾರ್ಟಿ ಮಾಡಿದ್ರು, ಆಮೇಲೆ 2022ರಲ್ಲಿ ಸುದ್ದಿ ಹೊರಗೆ ಬಂದು ಅರಮನೆಗೆ ಸಾರಿ ಕೇಳಿದ್ರು. ಪ್ರಧಾನಿ ಆ ರಾತ್ರಿ ಅಲ್ಲಿರ್ಲಿಲ್ಲ ಬಿಡಿ, ಸುಳ್ಳು ಹೇಳ್ಬಾರ್ದು. ಆದ್ರೂ ನೋಡಿ, ರಾಣಿ ಮನೇಲಿ ಲಿಸ್ಟ್ ಇತ್ತು, ರೂಲ್ಸ್ ಬರೆದೋರ ಮನೇಲಿ ಇರ್ಲಿಲ್ಲ.

ರಾಣಿ ಫೋಟೋ ಹಾಕಿ ಆಗ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಒಬ್ರು "ರೂಲ್ಸ್ ಅಂದ್ರೆ ಎಲ್ಲರಿಗೂ ರೂಲ್ಸ್" ಅಂತ ಮೆಸೇಜ್ ಬಿಟ್ಟಿದ್ರು. ನನ್ನ ಪರವಾಗಿ ಹಾಕಿದ್ದು, ಪಾಪ. ನಾನೂ ಒಂದು ಹೆಬ್ಬೆಟ್ಟು ಒತ್ತಿದ್ದೆ.

ಆ ಹೆಬ್ಬೆಟ್ಟಿನ ವಿಷಯ ಹೇಳ್ಬಿಡ್ತೀನಿ. ಇಷ್ಟೊತ್ತು ಊರಿನವರನ್ನೆಲ್ಲ ಬೈದೆನಲ್ಲ.

ಆ ಲಿಸ್ಟಲ್ಲಿ ಅತ್ತೆ ಹೆಸರು ಇರ್ಲಿಲ್ಲ. ಅಪ್ಪನ ಒಡಹುಟ್ಟಿದ ಅಕ್ಕ. ಇಪ್ಪತ್ತು ಯಾಕೆ, ಐದು ಹೆಸರು ಬರಿ ಅಂದಿದ್ರೂ ಇರ್ಬೇಕಾಗಿದ್ದ ಹೆಸರು. ಅವತ್ತು ಅವರೇ ಫೋನ್ ಮಾಡಿದ್ರು, "ನನ್ನ ಹೆಸರು ಬರೆದಿದೀಯೇನೇ?" ನಾನಂದೆ, "ನಿಮಗೆ ವಯಸ್ಸಾಗಿದೆ ಅತ್ತೆ, ರಿಸ್ಕು, ವಿಡಿಯೋ ಹಾಕ್ತೀನಿ." ಆ ಕಡೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, "ನಂಗೆ ವಿಡಿಯೋ ನೋಡೋಕೆ ಬರಲ್ಲ ಕಣೇ," ಅಂದು ಇಟ್ರು.

ವಯಸ್ಸು ಅಂದಿದ್ದು ಸುಳ್ಳಲ್ಲ. ಆದ್ರೆ ಬಿಟ್ಟಿದ್ದು ಅದಕ್ಕಲ್ಲ. ಮನೆ ಪಾಲಿನ ವಿಷಯಕ್ಕೆ ಅಪ್ಪನ ಕೊನೇ ಎರಡು ವರ್ಷ ಅತ್ತೆ ಈ ಕಡೆ ತಲೆ ಹಾಕಿರ್ಲಿಲ್ಲ. ಅಪ್ಪ ಕಿಟಕಿ ಹತ್ರ ಕೂತು ಕಾಯೋದನ್ನ ನಾನು ನೋಡಿದ್ದೆ. ಈಗ ಬರ್ತಾರಂತೆ ಅನ್ನಿಸ್ತು. ಮಾಮೂಲಿ ದಿನ ಆಗಿದ್ರೆ ಬರ್ಬೇಡಿ ಅನ್ನೋ ಧೈರ್ಯ ನನಗೆಲ್ಲಿಂದ ಬರ್ಬೇಕು? ರೂಲ್ಸ್ ಇತ್ತಲ್ಲ, ಅದರ ಹಿಂದೆ ನಿಂತು ಅಂದೆ.

ಇನ್ನೂ ಒಂದಿದೆ. ಅವತ್ತು ಬಂದೋರು ಹದಿನೇಳು ಜನ. ಒಬ್ಬರಿಗೆ ಹಿಂದಿನ ರಾತ್ರಿ ಜ್ವರ, ಇಬ್ಬರನ್ನ ದಾರೀಲಿ ತಡೆದು ವಾಪಸ್ ಕಳಿಸಿದ್ರು. ಮೂರು ಜಾಗ ಖಾಲಿ ಅಂತ ನನಗೆ ಬೆಳಿಗ್ಗೇನೇ ಗೊತ್ತಾಗಿತ್ತು, ಅತ್ತೆ ಮನೆ ಇರೋದು ಇಪ್ಪತ್ತು ನಿಮಿಷದ ದಾರಿ. ಫೋನ್ ಕೈಯಲ್ಲೇ ಇತ್ತು, ಅಣ್ಣನಿಗೆ ತೋರಿಸ್ತಾ ನಿಂತಿದ್ನಲ್ಲ.

ಇದನ್ನ ಇಲ್ಲಿತನಕ ಅಮ್ಮನಿಗೂ ಹೇಳಿಲ್ಲ. ಅಮ್ಮ ಫೇಸ್‌ಬುಕ್ಕಲ್ಲಿಲ್ಲ, ದಯವಿಟ್ಟು ಯಾರೂ ಸ್ಕ್ರೀನ್‌ಶಾಟ್ ತೆಗೆದು ತೋರಿಸೋ ಪುಣ್ಯದ ಕೆಲಸ ಮಾಡ್ಬೇಡಿ.

ನೀಟಾಗಿ ಮುಗೀತಿತ್ತಂತೆ. ಅದಕ್ಕೇ ಉರಿದಿದ್ದು ನಂಗೆ. ಇವತ್ತು ಆ ಮನೇಲಿ ಹತ್ತು ವರ್ಷ ಮಾತು ಬಿಟ್ಟೋರು ಬಂದಿದ್ರು, ಯಾರೂ ಕರೆದಿರ್ಲಿಲ್ಲ, ಸುದ್ದಿ ಕೇಳಿ ಬಂದ್ರು ಅಷ್ಟೆ. ಬಂದು ಮೂಲೇಲಿ ನಿಂತ್ರು. ಯಾರೋ ಒಬ್ಬರು ಕುರ್ಚಿ ಕೊಟ್ರು. ಯಾವ ಹೆಸರೂ ಬರೀಬೇಕಾಗಿರ್ಲಿಲ್ಲ ಅಲ್ಲಿ ಯಾರಿಗೂ.

ಅತ್ತೇನೂ ಬಂದಿದ್ರು. ಒಬ್ಬರ ಕೈ ಹಿಡ್ಕೊಂಡು ನಿಧಾನಕ್ಕೆ ಮೆಟ್ಟಿಲು ಹತ್ತಿ ಬಂದು, ನನ್ನ ಪಕ್ಕಾನೇ ಕೂತು, ಸುತ್ತ ಇದ್ದ ಜನಾನೆಲ್ಲ ಒಂದ್ಸಲ ನೋಡಿದ್ರು. ಆಮೇಲೆ ನನ್ನ ಮುಖ ನೋಡದೇನೇ ಮೆಲ್ಲಗೆ ಕೇಳಿದ್ರು.

"ಇವತ್ತು ಲಿಸ್ಟ್ ಇರ್ಲಿಲ್ವೇನೇ?"

ನಾನು ಚಪ್ಪಲಿ ಹುಡುಕ್ಬೇಕು ಅಂತ ಎದ್ದು ಹೊರಗೆ ಬಂದ್ಬಿಟ್ಟೆ.