ಆಳು ಸಿಗ್ತಿಲ್ಲ ಸ್ವಾಮಿ!

ಅಂತೂ ದಾವಣಗೆರೆಯ ಬೆಣ್ಣೆದೋಸೆ ಹೋಟೆಲುಗಳಲ್ಲಿ ಕೂತ ಗದ್ದೆ ಮಾಲೀಕ ಅರ್ಥಶಾಸ್ತ್ರಜ್ಞರ, ‘ಆಳು ಸಿಗ್ತಿಲ್ಲ’ ಅನ್ನೋ ಮೊರೆ ದಿಲ್ಲಿಗೆ ಮುಟ್ಟಿತು. ನರೇಗಾ ಜಾಗಕ್ಕೆ 2025ರ ಡಿಸೆಂಬರ್‌ನಲ್ಲಿ ತಂದ ಕಾಯ್ದೆಯಲ್ಲಿ 125 ದಿನದ ಕೆಲಸದ ಖಾತರಿ ಇದೆ, ಜತೆಗೆ ಬಿತ್ತನೆ-ಕೊಯ್ಲಿನ ಕಾಲಕ್ಕೆ ಒಟ್ಟು 60 ದಿನ ಆ ಕೆಲಸಕ್ಕೆ ರಜೆಯೂ ಇದೆ. ರಜೆ ಅಂದರೆ ಮನೇಲಿ ಕೂರೋದಲ್ಲ, ಗೌಡರ ಗದ್ದೆಗೆ ಇಳಿಯೋದು. ಕೂಲಿ ಏರಬೇಕಾದ ಹೊತ್ತಿಗೇ ಆಳಿನ ಕೈಲಿದ್ದ ಇನ್ನೊಂದು ದಾರಿ ಬಂದ್. 2023ರ ಡಿಸೆಂಬರ್‌ನಲ್ಲಿ ರೇಟು ಇಳಿಸೋಕೆ ಈರುಳ್ಳಿ ರಫ್ತು ನಿಲ್ಲಿಸಿದಾಗ ಚಳ್ಳಕೆರೆ ಕಡೆ ಬೆಳೆಗಾರರು ಶಾಪ ಹಾಕಿದರು. ಆಳಿನ ರೇಟಿಗೂ ಅದೇ ಮದ್ದು ಅರೆದರೆ ಮಾತ್ರ ಭೇಷ್!

ಆಳು ಯಾಕಿಲ್ಲ ಅಂದರೆ ಉತ್ತರ ರೆಡಿ: ಪುಗಸಟ್ಟೆ ಅಕ್ಕಿ, ಗೃಹಲಕ್ಷ್ಮಿ, ಸೋಮಾರಿತನ. ಗೃಹಲಕ್ಷ್ಮಿಯ 2000 ಅಂದರೆ ದಿನಕ್ಕೆ 66 ರೂಪಾಯಿ ಚಿಲ್ಲರೆ. ಇಷ್ಟು ಅಗ್ಗಕ್ಕೆ ಸೋಮಾರಿಯಾಗೋ ವಿದ್ಯೆ ಗೌಡರ ಮಕ್ಕಳಿಗೂ ಒಲಿದಿಲ್ಲ.

ಭತ್ತದ ನಾಟಿಯ ಲೆಕ್ಕವೇ ಬೇರೆ. ಭದ್ರಾ ನಾಲೆಗೆ ನೀರು ಬಿಟ್ಟರೆ ಸೀಮೆಗೆಲ್ಲ ಅದೇ ಎರಡು-ಮೂರು ವಾರದಲ್ಲಿ ನಾಟಿ ಆಗಬೇಕು. 25 ದಿನದ ಸಸಿ ನೆಟ್ಟರೆ ತೆಂಡೆ (ಬುಡದ ಮರಿಕವಲು) ಚೆನ್ನಾಗಿ ಒಡೆಯುತ್ತೆ, 40 ದಾಟಿದರೆ ಇಳುವರಿ ಖೋತಾ. ನಾಲೆಯ ಕೊನೆ ಭಾಗಕ್ಕೆ ನೀರು ಬರೋದು ತಡವಾಗುತ್ತೆ, ಅಷ್ಟರಲ್ಲಿ ಮಡಿಯಲ್ಲಿ ಸಸಿ ಬಲಿತಿರುತ್ತೆ, ಎಲ್ಲರಿಗೂ ಅವಸರ. ಒಬ್ಬಳೇ ಹೆಂಗಸು ಒಂದೇ ದಿನ ನಾಲ್ಕು ಗದ್ದೇಲಿ ಬಗ್ಗೋದು ಹೆಂಗೆ? ನಾಟಿ ಮುಗೀತು ಅನ್ನಿ, ಕಳೆಗೆ ಔಷಧಿ, ಕೊಯ್ಲಿಗೆ ಮಿಷನ್ನು. ಆಳಿಗೆ ಉಳಿದದ್ದೇ ಆ ಮೂರು ವಾರ. ಅದಕ್ಕಾಗಿ ವರ್ಷವಿಡೀ ಊರಲ್ಲೇ ಕಾಯ್ತಾ ಕೂತಿರಬೇಕಂತೆ. ಬೆಂಗಳೂರಿನ ಗಾರೆ ಕೆಲಸಕ್ಕೆ ಹೋದವನು ಊರಿನ ದ್ರೋಹಿ. ಅದೇ ಬೆಂಗಳೂರಿಗೆ ಗೌಡರ ಮಗ ಬಿ.ಇ. ಮುಗಿಸಿ ಹೋದರೆ ಬಸ್‌ಸ್ಟ್ಯಾಂಡಲ್ಲಿ ಫ್ಲೆಕ್ಸು.

ಇನ್ನು ಶಕ್ತಿ ಯೋಜನೆಯ ಮೇಲೆ ಸಿಟ್ಟು. ಹೆಂಗಸರು ಬಸ್ ಹತ್ತಿ ತಿರುಗ್ತಾರಂತೆ. ತಿರುಗಿದ್ದಕ್ಕೇ ಪಕ್ಕದೂರಿನ ಕೂಲಿ ಎಷ್ಟು ಅಂತ ಗೊತ್ತಾಗಿದ್ದು, ಸಿಟ್ಟು ಅದಕ್ಕೇ ಇರಬೇಕು.

ತಮಾಷೆ ಸಾಕು. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರಿಗೆ ಅದು ದಿನಕ್ಕೆ 289 ನಿಮಿಷದ್ದು, ಗಂಡಸರಿಗೆ 88. ದಿನಕ್ಕೆ ಹೆಚ್ಚುಕಮ್ಮಿ ಐದು ಗಂಟೆಯ ಆ ದುಡಿಮೆಯ ಜತೆಗೇ ಆಕೆ ಗದ್ದೆಗೂ ಬರೋದು. ಕೂಸನ್ನು ನೋಡೋರ್‍ಯಾರು? ಪಂಚಾಯ್ತಿ ‘ಕೂಸಿನ ಮನೆ’ ಮಾಡಿದ್ದೂ ನರೇಗಾ ಹೆಂಗಸರಿಗೆ. ಗದ್ದೆಯವರು ಬದುವಿನ ಮೇಲೆ ಒಂದು ನೆರಳಾದರೂ ಕಟ್ಟಿದ್ದಾರಾ? ಇದನ್ನೆಲ್ಲ ಕೇಳಿದರೆ ದೋಸೆ ತಣ್ಣಗಾಗುತ್ತೆ ಅಂತಾರೆ. ಕೂಲಿ ಎಷ್ಟು ಕೊಡ್ತೀರಿ ಅಂತ ಕೇಳಿ ನೋಡಿ, ಮೊಬೈಲ್ ತೆಗೀತಾರೆ.