ಸಯುಲಿತಾದಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಬೇಡಿ

‘ಮೆಕ್ಸಿಕೋದ ಸಯುಲಿತಾ ಪುಯೆರ್ತೊ ವಯಾರ್ತಾ ಏರ್‌ಪೋರ್ಟ್‌ಗಿಂತ 1 ಗಂಟೆ ಹಿಂದಿದೆ’ ಎಂಬ ಮೆಸೇಜ್ ಓಡಾಡುತ್ತಿದೆ. ನಾನೂ ಅದನ್ನು ಕಳಿಸಿದ್ದೆ. ಅದು ತಪ್ಪು, ಕ್ಷಮಿಸಿ.

ಎರಡೂ ಕಡೆ ಸಮಯ ಒಂದೇ. ಏರ್‌ಪೋರ್ಟ್ ಹಾಲಿಸ್ಕೊ ರಾಜ್ಯದಲ್ಲಿದೆ, ಸಯುಲಿತಾ ನಯಾರಿತ್ ರಾಜ್ಯದಲ್ಲಿ. ನಯಾರಿತ್‌ನ ಉಳಿದ ಭಾಗ ಈಗಲೂ 1 ಗಂಟೆ ಹಿಂದೆ, ಗೊಂದಲ ಬಂದಿದ್ದು ಇಲ್ಲಿಂದಲೇ. ಆದರೆ ಸಯುಲಿತಾ ಇರುವ ಬಾಯಿಯಾ ದೆ ಬಂದೇರಾಸ್ ಪ್ರದೇಶ 2010ರಲ್ಲೇ ವಯಾರ್ತಾ ಸಮಯಕ್ಕೆ ಬದಲಾಯಿತು. ಪ್ರವಾಸಿಗರು ವಿಮಾನ ತಪ್ಪಿಸಿಕೊಳ್ಳುತ್ತಿದ್ದುದೂ ಅದಕ್ಕೊಂದು ಕಾರಣ.

ಅಮೆರಿಕದಿಂದ ಹೋಗುವವರು ಇನ್ನೊಂದು ಗಮನಿಸಿ. ಮೆಕ್ಸಿಕೋದ ಬಹುತೇಕ ಕಡೆ 2022ರಲ್ಲಿ ಬೇಸಿಗೆ ಸಮಯ (ಬೇಸಿಗೆಯಲ್ಲಿ ಗಡಿಯಾರ 1 ಗಂಟೆ ಮುಂದಿಡುವ ಪದ್ಧತಿ) ನಿಂತಿತು, ಅಮೆರಿಕದಲ್ಲಿ ಅದು ಇನ್ನೂ ಇದೆ. ಹಾಗಾಗಿ ಬೇಸಿಗೆಯಲ್ಲಿ ಅಮೆರಿಕದ ಡಾಲಸ್ ಸಯುಲಿತಾಗಿಂತ 1 ಗಂಟೆ ಮುಂದಿರುತ್ತದೆ, ಚಳಿಗಾಲದಲ್ಲಿ ಸಮ.

ಹಳೆಯ ಮೆಸೇಜ್ ನಂಬಿ ಗಡಿಯಾರ ಹಿಂದಿಟ್ಟರೆ ವಾಪಸ್ ವಿಮಾನ ತಪ್ಪಬಹುದು, ಅಲ್ವಾ? ಸುಮಾರು 40 ಕಿ.ಮೀ. ದಾರಿ ಬೇರೆ ಇದೆ. ದಯವಿಟ್ಟು ಅದನ್ನು ಫಾರ್ವರ್ಡ್ ಮಾಡಬೇಡಿ.